ಹುಳದ ಮನೆಯಲ್ಲಿ ಹಿಮಯುಗ

ನಮ್ಮ ಹುಳದ ಮನೆಯಲ್ಲಿ ಒಲೆಯ ಕಡೆಯ ರೇಷ್ಮೆಹುಳಗಳು ಸಪ್ಪೆ ರೋಗದಿಂದ ಸತ್ತವು. ಬಾಗಿಲ ಕಡೆಯವು ಸುಣ್ಣಕಟ್ಟಿನಿಂದ ಸತ್ತವು. ಒಂದೇ ಸೂರಿನ ಕೆಳಗೆ, ಒಂದೇ ತೋಟದ ಸೊಪ್ಪು ತಿಂದು. ಸಪ್ಪೆ ಬರುವುದು ಸೆಕೆಗೆ, ಸುಣ್ಣಕಟ್ಟು ಬರುವುದು ಥಂಡಿಗೆ. ಕನಕಪುರದ ಸುತ್ತಮುತ್ತ ಹುಳ ಸಾಕುವ ಯಾರನ್ನು ಕೇಳಿದರೂ ಇಷ್ಟು ಹೇಳುತ್ತಾರೆ. ಎರಡೂ ಒಟ್ಟಿಗೆ ಹೇಗೆ ಬಂದವು ಎಂದು ಮಾತ್ರ ನಮ್ಮ ಮನೆಯಲ್ಲಿ ಒಬ್ಬಳನ್ನು ಬಿಟ್ಟು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಬೀಳಲಿಲ್ಲ. ದೂರುವುದಕ್ಕೆ ಅವಳೇ ಸಿಕ್ಕಿದ್ದಳು. ನನ್ನ ಮೊಮ್ಮಗಳು.

ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದರೆ ಓದುವವರು ತಿದ್ದಿಕೊಳ್ಳಲಿ. ನಡೆದದ್ದನ್ನು ತಿದ್ದುವುದು ಬೇಡ.

ಮೊಮ್ಮಗಳು ಎಂದರೆ ಮಗನ ಮಗಳು, ಒಬ್ಬಳೇ. ಸಮುದ್ರದ ದಂಡೆಯ ಒಂದು ಊರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಏನನ್ನು ಎಂದು ನೆಂಟರು ಕೇಳಿದರೆ ಅವಳ ಅಮ್ಮ, ಅಂದರೆ ನನ್ನ ಸೊಸೆ, "ಅದೇನೋ ಮಣ್ಣಿಂದು" ಎಂದು ಮಾತು ತೇಲಿಸುತ್ತಾಳೆ. ಮಣ್ಣಿನದೇ. ಸಮುದ್ರದ ತಳದ ಮಣ್ಣು. ಆ ಮಣ್ಣಿನಲ್ಲಿರುವ ಚಿಪ್ಪುಗಳನ್ನು ನೋಡಿ, ಹಿಂದಿನ ಹಿಮಯುಗಗಳಲ್ಲಿ ಸಮುದ್ರ ಎಷ್ಟು ಬಿಸಿ ಇತ್ತು, ಆ ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎಂದು ಹೇಳುತ್ತಾರಂತೆ.

ಆ ಮಾಗಿಯಲ್ಲಿ ಅವಳು ಮನೆಗೆ ಬಂದದ್ದು ಒಂದೇ ಕೆಲಸಕ್ಕೆ. ಮಣ್ಣು ತರಲು ಹಡಗು ಹೊರಡುವುದಿತ್ತು. ಅದರಲ್ಲಿ ಅವಳಿಗೊಂದು ಜಾಗ ಸಿಕ್ಕಿತ್ತು. ತಿಂಗಳಿಗೂ ಮೇಲೆ ನೀರಿನ ಮೇಲೆ ಇರಬೇಕು. ಹೋಗಲು ಅಪ್ಪನ ಒಪ್ಪಿಗೆ ಕೇಳಲು ಬಂದಳು. ಕೇಳದೆಯೂ ಹೋಗಬಹುದಿತ್ತು, ಮೈನೆರೆದು ವರ್ಷಗಳಾದ, ತನ್ನ ಅನ್ನ ತಾನು ದುಡಿದುಕೊಳ್ಳುವ ಹೆಂಗಸು. ಕೇಳಿದಳು. ಅದೇ ಅವಳ ದಡ್ಡತನ.

ನನ್ನ ಮಗ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

"ಹುಳ ಮನೇಲವೆ. ಗೂಡು ಕಟ್ಲಿ, ಆಮೇಲೆ ನೋಡಾನ" ಎಂದ.

ಇದು ನಮ್ಮ ಕಡೆಯ ಕಟ್ಟಳೆ. ಮರಿಹುಳ ತಂದು ಮನೆಗೆ ಇಳಿಸಿದ ಮೇಲೆ ಗೂಡು ಬಿಡಿಸುವ ತನಕ ಯಾವ ಮಾತೂ ಇತ್ಯರ್ಥ ಆಗುವುದಿಲ್ಲ. ಹೆಣ್ಣು ನೋಡಲು ಹೋಗುವುದಿಲ್ಲ. ಗೋಡೆಗೆ ಬಣ್ಣ ಬಳಿಯುವುದಿಲ್ಲ. ಸಾವಿನ ಮನೆಗೆ ಹೋದವನು ನಾಕು ಮನೆ ಆಚೆಯಿಂದಲೇ ಮಾತನಾಡಿಸಿ ಹೋಗಬೇಕು. ಒಗ್ಗರಣೆ ಘಾಟು ಆ ಕಡೆ ಹೋಗಬಾರದು. ಜಗಳ ಆಡುವುದಿದ್ದರೂ ಮೆಲ್ಲಗೆ ಆಡಬೇಕು, ಹುಳ ಕೇಳಿಸಿಕೊಂಡು ಮುನಿಸಿಕೊಳ್ಳುತ್ತವೆ. ದೇವರನ್ನಾದರೂ ಮಾತನಾಡಿಸದೆ ಇರಬಹುದು, ಹುಳವನ್ನು ಕಾಯಿಸಬಾರದು.

ಹುಳ ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಮೇವು ಬಿಟ್ಟು ಮಲಗಿ ಪೊರೆ ಕಳಚುವುದು. ಅದಾದ ಮೇಲೆ ಎದ್ದು ಹಗಲಿರುಳು ಮೇಯುತ್ತವೆ, ಮೈ ಹಳದಿಗೆ ತಿರುಗಿ ಹಣ್ಣಾಗುತ್ತವೆ, ಗೂಡು ಕಟ್ಟುತ್ತವೆ. ಮನೆಯವರಿಗೆ ಕುಂಡಿ ಊರಲು ಬಿಡುವಿಲ್ಲದ ದಿನಗಳು. ಆಳುಗಳೆಲ್ಲ ಹಾರೋಹಳ್ಳಿಯ ಫ್ಯಾಕ್ಟರಿಗಳ ವ್ಯಾನು ಹತ್ತಿ ಹೋಗುತ್ತಾರೆ, ಸೊಪ್ಪು ಕೊಯ್ಯಲು ಯಾರೂ ಸಿಗುವುದಿಲ್ಲ. ಹಾಗಾಗಿ ಒಪ್ಪಿಗೆ ಕೇಳಲು ಬಂದವಳ ಕೈಗೆ ಕುಡುಗೋಲು ಕೊಟ್ಟರು. ಅವಳೂ ತೋಟಕ್ಕಿಳಿದಳು. ಫೋನು ಮಾಡಿ, "ಸೋಮವಾರ ಹೇಳ್ತೀನಿ ಸರ್" ಎಂದು ಅವಳ ಮೇಷ್ಟರಿಗೆ ಹೇಳುವುದು ನನಗೆ ಕೇಳಿಸಿತು.

ಮಧ್ಯಾಹ್ನ ಊಟವಾದ ಮೇಲೆ ನಾನು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಸೊಸೆಯ ತವರು ಮಾಗಡಿ ಕಡೆಯ ಕಲ್ಯ, ಅಲ್ಲಿಂದ ಪ್ರತಿವರ್ಷ ಅವರೆಕಾಯಿ ಬರುತ್ತದೆ. ಹೋದ ಸಲಕ್ಕಿಂತ ಹುಳುಕು ಜಾಸ್ತಿ, ಸೊಗಡು ಕಮ್ಮಿ. ಇಬ್ಬನಿ ಸರಿಯಾಗಿ ಬೀಳದಿದ್ದರೆ ಸೊಗಡು ಎಲ್ಲಿಂದ ಬರಬೇಕು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಮೊರಕ್ಕೆ ಕೈ ಹಾಕಿದಳು.

"ಅದೇನ್ ನೋಡ್ತೀಯವ್ವ ಆ ಮಣ್ಣಲ್ಲಿ?" ಎಂದೆ.

ಫೋನಿನಲ್ಲಿ ಚಿತ್ರ ತೋರಿಸಿದಳು. ಸಾಸಿವೆಗಿಂತ ಸಣ್ಣ ಜೀವದ ಚಿಪ್ಪಂತೆ, ದೊಡ್ಡದು ಮಾಡಿ ತೋರಿಸಿದರೆ ಜೋಳದ ಅರಳಿನ ಹಾಗೆ ಇತ್ತು. ಅದು ಬದುಕಿದ್ದಾಗ ನೀರು ಬೆಚ್ಚಗಿತ್ತೋ ತಣ್ಣಗಿತ್ತೋ ಎಂಬುದು ಚಿಪ್ಪಿನಲ್ಲಿ ಉಳಿದಿರುತ್ತದಂತೆ. ಸತ್ತು ತಳಕ್ಕೆ ಬೀಳುತ್ತದೆ, ಮೇಲೆ ಇನ್ನೊಂದು ಬೀಳುತ್ತದೆ. ಉದ್ದನೆಯ ಕೊಳವೆ ಇಳಿಸಿ ಮಣ್ಣು ಎತ್ತಿದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು.

"ತಿಪ್ಪೆ ಇದ್ದಂಗೆ" ಎಂದೆ.

"ತಿಪ್ಪೆ ಇದ್ದಂಗೇ ಕಣಜ್ಜಿ" ಎಂದು ನಕ್ಕಳು. ಆಮೇಲೆ ಕೇಳಿದಳು: "ನೀನು ರಾಮನಗರದಲ್ಲಿ ನೂಲು ತೆಗೀತಿದ್ದಲ್ಲ, ಅಲ್ಲಿ ನೀರು ಎಲ್ಲಿ ಕಾಯ್ತಿತ್ತು?"

ಮದುವೆಗೆ ಮುಂಚೆ ನಾನು ರಾಮನಗರದ ಒಂದು ಸಾಬರ ಶೆಡ್ಡಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿದ್ದೆ. ಸಾಲಾಗಿ ಬಾಣಲೆಗಳು, ಕುದಿವ ನೀರು, ಅದರಲ್ಲಿ ಗೂಡು. ಆ ನೀರಿನಲ್ಲಿ ಕೈಯಾಡಿಸಿ ನನ್ನ ಬೆರಳ ತುದಿಗಳಲ್ಲಿ ಈಗಲೂ ಗೆರೆ ಇಲ್ಲ. ರೇಷನ್ ಅಂಗಡಿಯ ಮಿಷನ್ನಿಗೆ ಹೆಬ್ಬೆಟ್ಟು ಕೊಟ್ಟರೆ ನಾನು ನಾನಲ್ಲ ಎನ್ನುತ್ತದೆ.

"ಒಂದ್ ತುದೀಲಿ ಕಾಯ್ತಿತ್ತು. ಅಲ್ಲಿಂದ ಕೊಳಾಯ್ನಾಗೆ ಎಲ್ಲಾ ಬಾಣ್ಲೆಗೂ ಬರೋದು, ಆರಿದ್ದು ಕೆಳಗಿಂದ ವಾಪಸ್ ಹೋಗೋದು."

"ಕೊಳಾಯಿ ಕಟ್ಕಂಡ್ರೆ?"

"ಮೊದ್ಲನೇ ಬಾಣ್ಲೆ ಗೂಡು ಗಂಜಿ ಆಗೋದು. ಕಡೇ ಬಾಣ್ಲೆ ಗೂಡಲ್ಲಿ ಎಳೇನೇ ಏಳ್ತಿರ್ಲಿಲ್ಲ. ಸಾವ್ಕಾರ ಇಬ್ರಿಗೂ ಬೈಯವ್ನು."

"ಭೂಮೀನೂ ಅಂಗೇ ಅಜ್ಜಿ" ಎಂದಳು.

ಅವಳು ಹೇಳಿದ್ದು ನನಗೆ ತಿಳಿದಷ್ಟು ಬರೆಯುತ್ತೇನೆ. ಬಿಸಿಲು ಹೆಚ್ಚು ಬೀಳುವುದು ಭೂಮಿಯ ನಡುವಿಗೆ. ಅಲ್ಲಿ ಕಾದ ನೀರು ಸಮುದ್ರದ ಮೇಲುಮೇಲೆ ಹರಿದು ಬಡಗಲ ತುದಿಗೆ ಹೋಗುತ್ತದೆ, ಹೊತ್ತ ಬಿಸಿಯನ್ನು ಅಲ್ಲಿ ಇಳಿಸುತ್ತದೆ. ತಣ್ಣಗಾದ ಉಪ್ಪುನೀರು ಭಾರವಾಗಿ ಮುಳುಗಿ ತಳದಲ್ಲಿ ವಾಪಸು ಬರುತ್ತದೆ. ಹಿಮಯುಗದಲ್ಲಿ ಬೆಟ್ಟದಂಥ ಹಿಮ ಒಡೆದು ಸಮುದ್ರಕ್ಕೆ ಬಿತ್ತಂತೆ. ಕರಗಿದ್ದು ಸಿಹಿನೀರು. ಅದು ಹಗುರ, ಮುಳುಗಲಿಲ್ಲ, ಮೇಲೆ ಹೊದಿಕೆಯ ಹಾಗೆ ಹರಡಿಕೊಂಡಿತು. ಮುಳುಗುವುದು ನಿಂತ ಮೇಲೆ ತೆಂಕಲಿಂದ ಬಿಸಿನೀರು ಬರುವುದೂ ನಿಧಾನವಾಯಿತು. ಬಡಗಲು ಇನ್ನಷ್ಟು ಹೆಪ್ಪುಗಟ್ಟಿತು. ಅಲ್ಲಿಗೆ ಹೋಗಬೇಕಾದ ಬಿಸಿ ಎಲ್ಲೂ ಮಾಯವಾಗಲಿಲ್ಲ, ತೆಂಕಲಲ್ಲೇ ಉಳಿದು ಅಲ್ಲಿ ಕಾಯಿತು.

"ಅದಕ್ಕೂ ನಮಗೂ ಏನು?" ಎಂದೆ.

"ಅಲ್ಲಿ ಅದು ನಿಂತಾಗ ಇಲ್ಲಿ ಮುಂಗಾರು ಸೊರಗ್ತು ಅಜ್ಜಿ. ನಮ್ ಕಡೆ ಸಮುದ್ರದ ಮಣ್ಣಲ್ಲೇ ಅದೈತೆ. ಅದ್ನೇ ನೋಡ್ಬೇಕು ಅಂತ ನಾನು ಹೋಗ್ತಿರೋದು."

ಎಲ್ಲೋ ಕೊಳಾಯಿ ಕಟ್ಟಿಕೊಂಡರೆ ಇಲ್ಲಿ ರಾಗಿ ಒಣಗುತ್ತದೆ. ನನಗೆ ಇದು ವಿಚಿತ್ರ ಎನ್ನಿಸಲಿಲ್ಲ. ಎಲ್ಲೋ ಯಾರೋ ಮಾಡಿದ್ದಕ್ಕೆ ಇಲ್ಲಿ ಅನುಭವಿಸುವುದು ನನ್ನ ವಯಸ್ಸಿನ ಹೆಂಗಸರಿಗೆ ಹೊಸ ವಿಷಯವಲ್ಲ.

ಅಷ್ಟು ಹೊತ್ತಿಗೆ ಮಗ ಮತ್ತು ಅವನ ದಾಯಾದಿ ಬಂದು ಕಂಬಕ್ಕೆ ಒರಗಿದರು. ದಾಯಾದಿಗೆ ಮಾತು ಜಾಸ್ತಿ. ಎಲ್ಲಾ ಕೇಳಿಸಿಕೊಂಡು ಹೇಳಿದ:

"ನೋಡ್ಲಾ, ನಾನೇಳ್ಲಿಲ್ವಾ? ಭೂಮಿ ಹಿಂದೇನೂ ತಣ್ಗಾಗಿತ್ತು, ಹಿಂದೇನೂ ಕಾದಿತ್ತು. ನಿನ್ ಮಗ್ಳೇ ಹೇಳ್ತಾವ್ಳೆ. ಆಗೇನ್ ಕಾರಿತ್ತಾ, ಲಾರಿ ಇತ್ತಾ? ಸುಮ್ಕೆ ಹೊಗೆ ಹೊಗೆ ಅಂತ ಬಾಯ್ ಬಡ್ಕತರೆ ಕಣ್ಲಾ."

ಮೊಮ್ಮಗಳು ಅವರೆಕಾಯಿ ಬಿಡಿಸುವುದು ನಿಲ್ಲಿಸಲಿಲ್ಲ. "ದೊಡ್ಡಪ್ಪ, ನಿಮ್ ತಾತನ ಕಾಲದಲ್ಲೂ ನಮ್ ಹೊಲಕ್ಕೆ ಆನೆ ನುಗ್ತಿದ್ವಂತೆ, ಹೌದಾ?"

"ನುಗ್ತಿದ್ವು. ಅದ್ಕೇನೀಗ?"

"ಅಂತ ಈಗ ನೀವೇ ಬೇಲಿ ಕಿತ್ತು, ಹಲಸಿನಹಣ್ಣು ಕೊಯ್ದಿಟ್ಟು, ಬಾ ಅಂತ ಕರೀತೀರಾ? ಬಿಸೀನೂ ಅಂಗೇ, ಹಿಂದೆ ತಾನಾಗೇ ಬಂದಿತ್ತು. ಈಗ ಕರೀತಾ ಇದೀವಿ. ಅದೂ ಓಡ್ತಾ ಬರ್ಲಿ ಅಂತ."

ದಾಯಾದಿ ನನ್ನ ಕಡೆ ತಿರುಗಿ, "ಚಿಕ್ಕವ್ವ, ಇವ್ಳಿಗೆ ಹಡಗು ಬ್ಯಾಡ, ಲಾಯರ್ ಗಂಡ್ ನೋಡು" ಎಂದ. ನನ್ನ ಮಗ ನಕ್ಕ. ಮಗಳ ಮಾತು ಗೆದ್ದಿತೆಂದು ನಕ್ಕನೋ, ಮದುವೆಯ ಮಾತು ಬಂತೆಂದು ನಕ್ಕನೋ ತಿಳಿಯಲಿಲ್ಲ.

ಮರುದಿನ ಮುಂಜಾನೆ ಅವಳು ಹುಳದ ಮನೆಗೆ ಸೊಪ್ಪು ಹೊತ್ತುಕೊಂಡು ಹೋದಳು. ಇದು ಮಗ ಹೊಸದಾಗಿ ಕಟ್ಟಿಸಿದ್ದು. ಉದ್ದಕ್ಕೆ ರೈಲುಡಬ್ಬಿಯ ಹಾಗೆ ಇದೆ, ಮೇಲೆ ಸಿಮೆಂಟ್ ಶೀಟು. ಹಿಂದೆ ನಾವು ಮಲಗುವ ಮನೆಯಲ್ಲೇ ಹುಳ ಸಾಕುತ್ತಿದ್ದೆವು, ಅವು ತಟ್ಟೆಯಲ್ಲಿ, ನಾವು ಕೆಳಗೆ ಚಾಪೆಯಲ್ಲಿ. ನಮ್ಮ ಉಸಿರಿಗೇ ಅವಕ್ಕೆ ಬೆಚ್ಚಗಾಗುತ್ತಿತ್ತು. ಈಗ ಇದ್ದಿಲ ಒಲೆ. ಒಲೆ ಒಂದು ತುದಿಯಲ್ಲಿ, ಬಾಗಿಲು ಇನ್ನೊಂದು ತುದಿಯಲ್ಲಿ.

ಒಳಗೆ ಆ ತುದಿಯಿಂದ ಈ ತುದಿಗೆ ನಡೆದು ಬಂದು ಅವಳು ಹೇಳಿದಳು: "ಅಪ್ಪ, ಅಲ್ಲಿ ಬೆವರ್ತೀನಿ, ಇಲ್ಲಿ ನಡುಗ್ತೀನಿ. ಬಿಸಿ ಐತೆ, ಹಂಚ್ತಾ ಇಲ್ಲ."

ಅಟ್ಟದ ಮೇಲಿದ್ದ ಹಳೆಯ ಫ್ಯಾನನ್ನು ಇಳಿಸಿದಳು. ಅದು ತಿರುಗುವಾಗ ಕಟಕಟ ಎನ್ನುತ್ತದೆ. ಅದನ್ನು ಒಲೆಯ ಹಿಂದೆ ನೆಲದ ಮೇಲಿಟ್ಟು ಮೆಲ್ಲಗೆ ಓಡುವ ಹಾಗೆ ಮಾಡಿದಳು. ಬಾಗಿಲ ಕಡೆ ಮೇಲಿನ ಗವಾಕ್ಷಿಗಳನ್ನು ಬೆರಳು ತೂರುವಷ್ಟು ತೆರೆದಳು, ಕೆಟ್ಟ ಉಸಿರು ಹೋಗಲಿ ಎಂದು. ಸಂಜೆಗೆ ಎರಡೂ ತುದಿ ಹೆಚ್ಚುಕಮ್ಮಿ ಒಂದೇ ಆಯಿತು. ಮಗ ಒಳಗೆ ನಿಂತು ಅಂಗೈ ಚಾಚಿ ನೋಡಿದ. "ಊಂ" ಎಂದ. ಅವನ ಬಾಯಿಂದ ಅಷ್ಟು ಬಂದರೆ ಹಬ್ಬ.

ಅದರ ಮಾರನೆಯ ದಿನ ಅವಳು ಮುಟ್ಟಾದಳು. ಮರೆಮಾಚಲಿಲ್ಲ, ಅಮ್ಮನಿಗೆ ಹೇಳಿದಳು. ಅಲ್ಲಿಗೆ ಹುಳದ ಮನೆಯ ಬಾಗಿಲು ಅವಳಿಗೆ ಮುಚ್ಚಿತು.

ಈ ಮಾತಿನಲ್ಲಿ ನನ್ನದು ಏನು ಎಂದು ಬರೆದುಬಿಡುತ್ತೇನೆ. ರಾಮನಗರದ ಶೆಡ್ಡಿನಲ್ಲಿ ಹತ್ತಾರು ಹೆಂಗಸರು ಕೆಲಸ ಮಾಡುತ್ತಿದ್ದೆವು, ನಮ್ಮವರು, ಸಾಬರು, ತಮಿಳರು. ಸಾವ್ಕಾರನ ತಾಯಿ ಎಲೆಯಡಿಕೆ ಜಗಿಯುತ್ತಾ ನಮ್ಮ ಜೊತೆಗೇ ಕೂರುತ್ತಿದ್ದಳು. ನೀನು ಎಷ್ಟನೇ ದಿನದಲ್ಲಿದ್ದೀಯ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ನೂಲು ತುಂಡಾದದ್ದು ನೀರು ತಣ್ಣಗಾದಾಗ, ಹೆಂಗಸು ಮುಟ್ಟಾದಾಗಲ್ಲ. ಹಳ್ಳಿಯಲ್ಲಿ ದೇವರು ಎಂದು ಕೈಮುಗಿಸಿಕೊಳ್ಳುವ ಹುಳ ಪೇಟೆಗೆ ಬಂದರೆ ಜೀವಂತ ಬೇಯುತ್ತದೆ, ಬೇಯಿಸುವವಳ ಮಡಿ ಯಾರಿಗೂ ಬೇಡ. ಇದನ್ನು ನಾನು ಮದುವೆಯಾಗಿ ಬಂದಾಗಿನಿಂದ ಹೇಳುತ್ತಿದ್ದೇನೆ.

ಆವತ್ತೂ ಹೇಳಿದೆ. ಸೊಸೆ ಸೊಪ್ಪಿನ ಹೊರೆ ಇಳಿಸಿ ಉತ್ತರ ಕೊಟ್ಟಳು: "ಅತ್ತೆ, ನಿಮ್ ಶೆಡ್ ಬೇರೆ, ನಮ್ ಮನೆ ಬೇರೆ. ಅಲ್ಲಿ ಹುಳ ಸಾಯಿಸ್ತರೆ. ಇಲ್ಲಿ ಸಾಕ್ತೀವಿ."

ಸೊಸೆಯ ಬಾಯಿಗೆ ನಾನು ಸುಮ್ಮನಾಗುವುದು ಅಪರೂಪ. ಆವತ್ತು ಸುಮ್ಮನಾದೆ, ಮಾತು ಚೆನ್ನಾಗಿತ್ತು.

ಆ ದಿನಗಳಲ್ಲೇ ಚಳಿ ಬಿಗಿಯಿತು. ಬೆಳಗ್ಗೆ ಎದ್ದರೆ ಕಬ್ಬಾಳು ಬೆಟ್ಟ ಇದ್ದ ಜಾಗದಲ್ಲಿ ಬರೀ ಮಂಜು. ಮಗ ಕಂಬಳಿ ಹೊದ್ದು ಹುಳದ ಮನೆಗೆ ಹೋದವನು ಫ್ಯಾನನ್ನು ನೋಡಿ ನಿಂತ. ನಮ್ಮ ಕಡೆ ಫ್ಯಾನು ಎಂದರೆ ಬೇಸಗೆಯ ವಸ್ತು. ಫ್ಯಾನು ತಣ್ಣಗೆ ಮಾಡುತ್ತದೆ, ಅದಕ್ಕೇ ಅದನ್ನು ತರುವುದು. ಮಾಗಿ ಚಳಿಯಲ್ಲಿ ಎಳೇ ಜೀವಗಳ ಮೇಲೆ ಫ್ಯಾನು ಬಿಡುವವರು ಯಾರು? ಅವನು ಅದನ್ನು ಆರಿಸಿದ. ಗವಾಕ್ಷಿ ಮುಚ್ಚಿದ. ಸಂದುಗಳಿಗೆಲ್ಲ ಗೋಣಿಚೀಲ ತುರುಕಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದ. ಇನ್ನೊಂದು ಒಲೆ ತಂದು ಮೊದಲಿನದರ ಪಕ್ಕದಲ್ಲೇ ಇಟ್ಟ, ಇದ್ದಿಲು ಹಾಕಲು ಅನುಕೂಲ ಎಂದು.

ಮೊಮ್ಮಗಳು ಅಂಗಳದ ಆಚೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದಳು. ಅಲ್ಲಿಂದಲೇ ಕೇಳಿದಳು.

"ಅಪ್ಪ, ಫ್ಯಾನ್ ಓಡ್ತಾ ಐತಾ?"

"ಊಂ."

"ಸದ್ದೇ ಇಲ್ವಲ್ಲ."

ಮಗ ಒಲೆಗೆ ಇದ್ದಿಲು ಸುರಿದ. ಉತ್ತರವನ್ನು ಸೊಸೆ ಕೊಟ್ಟಳು: "ಅಪ್ಪ ಊಂ ಅಂದ್ಮೇಲೆ ಊಂ. ಮಗಾ, ನೀನು ಆ ಕಡೆ ನೋಡ್ಲೂ ಬ್ಯಾಡ."

ನಾನು ಎದ್ದು ಹೋದೆ. ನನ್ನ ಮುಟ್ಟು ನಿಂತು ಎಷ್ಟೋ ಕಾಲವಾಯಿತು, ನನ್ನನ್ನು ತಡೆಯುವ ಕಾನೂನು ಇರಲಿಲ್ಲ. ಒಳಗೆ ಕಾಲಿಟ್ಟರೆ ಹೊಗೆಯ ಮಂದ, ಕಣ್ಣು ಉರಿ. ಫ್ಯಾನು ಹಾಕಿದೆ. ಮಗ ಬಂದು ಆರಿಸಿದ. ಅವನು ಹೊರಗೆ ಹೋದಾಗ ಮತ್ತೆ ಹಾಕಿದೆ. ಅವನು ಬಂದು ವೈರನ್ನೇ ಕಿತ್ತು ಸುತ್ತಿ ಜೇಬಿಗೆ ಹಾಕಿಕೊಂಡ.

"ಅವ್ವ, ನೀನು ಅವರೆಕಾಯಿ ಬಿಡ್ಸೋಗು" ಎಂದ.

"ನಿನ್ ಮಗ್ಳು ಹೇಳಿದ್ಲಲ್ಲೋ."

"ಅವ್ಳು ಸಮುದ್ರಕ್ಕೆ ಹೇಳ್ಲಿ."

ಮೊಮ್ಮಗಳಿಗೆ ಹೋಗಿ ಹೇಳಿದೆ. ಅವಳು ಕೋಣೆಯಿಂದ ಹೊರಗೆ ಬಂದು ಹುಳದ ಮನೆಯ ಕಡೆಗೆ ನಡೆದಳು. ಅವಳ ಅಮ್ಮ ಬಾಗಿಲಿಗೆ ಅಡ್ಡ ನಿಂತಳು, ಎರಡೂ ಕೈ ಚಾಚಿ. ಕೂಗಲಿಲ್ಲ. ಹುಳ ಒಳಗಿದ್ದಾಗ ಕೂಗುವ ಹಾಗಿಲ್ಲವಲ್ಲ. ಮೆಲ್ಲಗೆ, "ನನ್ನ ದಾಟ್ಕಂಡು ಹೋಗು" ಎಂದಳು. ಹುಡುಗಿ ದಾಟಲಿಲ್ಲ. "ಅಮ್ಮ, ಬಾಗ್ಲಾದ್ರೂ ಒಸಿ ತೆಗ್ದಿಡು" ಎಂದು ಹೇಳಿ ತಿರುಗಿ ಬಂದಳು. ಬಾಗಿಲನ್ನೂ ತೆಗೆದಿಡಲಿಲ್ಲ.

ಮೊದಲು ಬಂದದ್ದು ವಾಸನೆ. ಒಲೆಯ ಕಡೆಯ ಹುಳಗಳು ಸೊಪ್ಪು ಬಿಟ್ಟವು, ತಲೆ ಎತ್ತಿಕೊಂಡು ಸುಮ್ಮನೆ ಕುಳಿತವು, ಮೈ ಮೆತ್ತಗಾಗಿ ಮುಟ್ಟಿದರೆ ಕರಿನೀರು ಸುರಿಯಿತು. ಅವನ್ನು ಎತ್ತಿ ಹಾಕುವಷ್ಟರಲ್ಲಿ ಬಾಗಿಲ ಕಡೆಯವು ಸೆಟೆದುಕೊಂಡವು. ಮಂಜು, ತೇವ, ಥಂಡಿ. ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ, ಮುರಿದರೆ ಟಕ್ಕೆಂದು ಮುರಿಯುವ ಹಾಗೆ. ನಡುವೆ ಒಂದಷ್ಟು ಚೆನ್ನಾಗಿದ್ದವು. ಅಲ್ಲಿ ಸೆಕೆಯೂ ಇರಲಿಲ್ಲ, ಥಂಡಿಯೂ ಇರಲಿಲ್ಲ. ಆದರೆ ಎರಡೂ ಕಡೆಯಿಂದ ರೋಗ ಬರುವಾಗ ನಡುವಿನವರು ಎಷ್ಟು ದಿನ ಚೆನ್ನಾಗಿರುತ್ತಾರೆ. ಅವನ್ನೂ ಎತ್ತಬೇಕಾಯಿತು.

ತೋಟದ ಮೂಲೆಯಲ್ಲಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂತರು. ಸೊಸೆ ಬುಟ್ಟಿ ಹೊತ್ತು ಹೋಗುವಾಗಲೂ ಸೆರಗಿನಿಂದ ಹುಳಗಳನ್ನು ಮುಚ್ಚಿದ್ದಳು, ದೃಷ್ಟಿಯಾಗಬಾರದೆಂದು. ಸತ್ತ ಮೇಲೂ.

ಗುಂಡಿಯ ಹತ್ತಿರ ದಾಯಾದಿ ಬಂದು ನಿಂತ. "ಯಾರೋ ಮುಟ್ಟಾದೋರು ಒಳಗೋಗವ್ರೆ ಕಣ್ಲಾ. ಇಲ್ದಿದ್ರೆ ಹಿಂಗಾಗಕಿಲ್ಲ."

ಸೊಸೆ ಬುಟ್ಟಿ ಕೆಳಗಿಟ್ಟಳು. "ಹಿಂದಿನ ದಿನವೇ ಆಗಿದ್ಳೋ ಏನೋ. ಆ ಫ್ಯಾನು ಮುಟ್ಟಿದ್ಳಲ್ಲ" ಎಂದಳು. ಹೆತ್ತ ತಾಯಿ.

ಹುಡುಗಿ ಇನ್ನೂ ದೂರವೇ ನಿಂತಿದ್ದಳು, ಹುಣಸೆಮರದ ಕೆಳಗೆ. ಅಲ್ಲಿಂದಲೇ ಹೇಳಿದಳು. "ಅಪ್ಪ, ಬುಟ್ಟಿ ನೋಡು. ಒಲೆ ಕಡೇದು ಎಲ್ಲಾ ಕರಿ, ಬಾಗ್ಲ ಕಡೇದು ಎಲ್ಲಾ ಬಿಳಿ. ನಾನು ಮುಟ್ಟಿದ್ರೆ ಎರಡು ಥರ ಯಾಕ್ ಸಾಯ್ತವೆ?"

ಉತ್ತರ ಇಲ್ಲದ ಗಂಡಸು ಏನು ಮಾಡುತ್ತಾನೆ ಎಂದು ನನಗೆ ಗೊತ್ತು, ಅವನ ಅಪ್ಪನ ಜೊತೆ ಬಾಳಿದವಳು ನಾನು. ಅವನು ಗುದ್ದಲಿ ಒರಗಿಸಿ ಹೇಳಿದ: "ಸಮುದ್ರದ ಬಿಸಿ ಅಳೆಯೋಳಂತೆ. ಮನೆ ಹುಳದ ಬಿಸಿ ಕಾಯಕ್ಕಾಗ್ಲಿಲ್ಲ. ಹಡಗೂ ಬ್ಯಾಡ, ಗಿಡಗೂ ಬ್ಯಾಡ. ಬರೋ ಹುಣ್ಣಿಮೆಗೆ ಚನ್ನಪಟ್ಣದೋರ್ನ ಬರಕ್ಕೇಳಿವ್ನಿ."

ಚನ್ನಪಟ್ಟಣದವರು ಎಂದರೆ ಗಂಡಿನ ಕಡೆಯವರು. ಹುಳ ಮನೆಯಲ್ಲಿರುವಾಗ ಯಾವ ಮಾತೂ ಇತ್ಯರ್ಥವಾಗಬಾರದಿತ್ತು. ಹುಳ ಹೋಗಿದ್ದವು. ಮಾತು ಇತ್ಯರ್ಥವಾಯಿತು. ಗುಂಡಿಗೆ ಮಣ್ಣು ಎಳೆಯುವುದಕ್ಕೂ ಮುಂಚೆ.

ನಾನು ಹುಡುಗಿಯ ಹತ್ತಿರ ಹೋಗಿ ಹೇಳಿದೆ: "ಬ್ಯಾಗ್ ತಗ. ಕನಕಪುರದ ಬಸ್ ಇನ್ನೇನ್ ಬತ್ತದೆ. ಇಲ್ಲಿ ನಾನಿವ್ನಿ, ಯಾರ್ ಏನಂತರೆ ನೋಡ್ತೀನಿ."

"ಅಮ್ಮ ಅಳ್ತಾವ್ಳೆ ಅಜ್ಜಿ."

"ಅಳ್ಲಿ. ನಾಳೆ ನಿಲ್ಲುಸ್ತಾಳೆ."

ಅವಳು ಹೋಗಲಿಲ್ಲ. ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ಸೋಮವಾರ ಅವಳ ಮೇಷ್ಟರು ಫೋನು ಮಾಡಿದರು. ಬರೋಕಾಗಲ್ಲ ಸರ್ ಎಂದಳು. ಯಾಕೆ ಎಂದು ಅವರು ಕೇಳಿರಬೇಕು. "ಮನೇಲಿ ಹುಳ ಹೋದ್ವು" ಎಂದಳು. ಆ ಮೇಷ್ಟರಿಗೆ ಏನು ಅರ್ಥವಾಗಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಅವಳ ಜಾಗದಲ್ಲಿ ಜೊತೆಗೆ ಓದುವ ಇನ್ನೊಬ್ಬ ಹಡಗು ಹತ್ತಿದ. ಅವನು ಯಾರ ಒಪ್ಪಿಗೆ ಕೇಳಿದನೋ ಗೊತ್ತಿಲ್ಲ.

ಚನ್ನಪಟ್ಟಣದವರು ಬಂದು ಉಪ್ಪಿಟ್ಟು ತಿಂದು ಹೋದರು. ಹುಡುಗಿ ಹೆಚ್ಚು ಓದಿದ್ದಾಳೆ, ನಮ್ಮ ಹುಡುಗನಿಗೆ ಸರಿಹೋಗುವುದಿಲ್ಲ ಎಂದು ಆಮೇಲೆ ಹೇಳಿ ಕಳಿಸಿದರು. ಅಲ್ಲಿಗೆ ಹಡಗೂ ಹೋಯಿತು, ಗಂಡೂ ಹೋಯಿತು. ಅವಳು ಸಮುದ್ರದ ದಂಡೆಯ ತನ್ನ ಊರಿಗೆ ವಾಪಸು ಹೋದಳು.

ಮುಂದಿನದನ್ನು ಬರೆಯುವಾಗಲೇ ನನಗೆ ಹೊಟ್ಟೆ ಉರಿಯುವುದು. ಮನೆಯನ್ನೆಲ್ಲ ಮದ್ದು ಹಾಕಿ ತೊಳೆದು ಮತ್ತೆ ಹುಳ ಇಳಿಸಿದರು. ಇನ್ನೂ ಚಳಿ ಇತ್ತು. ನಾನು ಜಗಲಿಯಲ್ಲಿ ಕುಳಿತಿದ್ದೆ. ಒಳಗಿನಿಂದ ಕಟಕಟ ಎಂದು ಸದ್ದು ಬಂತು. ಹೋಗಿ ನೋಡಿದರೆ ಫ್ಯಾನು ಒಲೆಯ ಹಿಂದೆ, ನೆಲದ ಮೇಲೆ, ಅವಳು ಇಟ್ಟಿದ್ದ ಜಾಗದಲ್ಲೇ. ಗವಾಕ್ಷಿ ಬೆರಳು ತೂರುವಷ್ಟು ತೆರೆದಿತ್ತು. ನಾನು ಮಗನ ಮುಖ ನೋಡಿದೆ. ಅವನು ಹುಳದ ಮುಖ ನೋಡಿದ.

ಬೆಳೆ ಚೆನ್ನಾಗಿ ಬಂತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಒತ್ತಿ ನೋಡಿದವರೆಲ್ಲ ತಲೆದೂಗಿದರಂತೆ. ದಾಯಾದಿ ಬಂದು ಕೇಳಿದ, ಇದೇನ್ಲಾ ಚಳೀಲಿ ಫ್ಯಾನ್ ಹಾಕಿದ್ದೀಯ ಎಂದು. ನನ್ನ ಮಗ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ: "ಬಿಸಿ ಒಂದೇ ಕಡೆ ನಿಲ್ಬಾರ್ದು ಕಣ್ಲಾ. ತಿರುಗ್ತಿರ್ಬೇಕು. ಇಲ್ದಿದ್ರೆ ಆ ಕಡೇವೂ ಹೋಯ್ತವೆ, ಈ ಕಡೇವೂ ಹೋಯ್ತವೆ."

"ಯಾರ್ಲಾ ಹೇಳುದ್ರು?"

"ಯಾರ್ ಹೇಳ್ಬೇಕು. ಸಾಕ್ತಾ ಸಾಕ್ತಾ ಗೊತ್ತಾಯ್ತದೆ."

ಸೊಸೆ ಕಬ್ಬಾಳಿಗೆ ಹೋಗಿ ಕಬ್ಬಾಳಮ್ಮ ದೇವರಿಗೆ ಸೀರೆ ಉಡಿಸಿ ಬಂದಳು, ಈ ಸಲ ಹುಳ ಕಾಪಾಡಿದ್ದಕ್ಕೆ. ಹೋದ ಸಲದ ಹುಳ ಸತ್ತದ್ದು ಮಗಳ ಮುಟ್ಟಿನಿಂದ, ಈ ಸಲ ಬದುಕಿದ್ದು ಅಪ್ಪನ ಬುದ್ಧಿಯಿಂದ ಮತ್ತು ಕಬ್ಬಾಳಮ್ಮನ ದಯೆಯಿಂದ. ಊರಿನಲ್ಲಿ ಈಗ ಹೀಗೇ ಹೇಳುತ್ತಾರೆ. ನಾನು ಬೇರೆ ಹೇಳಿದರೆ ಮುದುಕಿಗೆ ಮೊಮ್ಮಗಳ ಮೇಲೆ ಮೋಹ ಎನ್ನುತ್ತಾರೆ. ಮೋಹ ಗೀಹ ಏನಿಲ್ಲ. ಕಂಡದ್ದು ಹೇಳುತ್ತೇನೆ.

ಆಮೇಲೆ ಒಂದು ಸಲ ಅವಳು ಬಂದಳು. ಮತ್ತೆ ಹುಳ ಮನೆಯಲ್ಲಿದ್ದವು, ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತವೆ. ಅವಳು ಆಗ ಶುದ್ಧವಾಗಿಯೇ ಇದ್ದಳು, ಅವಳ ಅಮ್ಮ ಮೊದಲು ಕೇಳಿದ್ದೇ ಅದು. ಅಪ್ಪ ಹುಳದ ಮನೆಯ ಬಾಗಿಲಿಂದ ಕರೆದ.

"ಬಾ ಮಗಾ, ನೋಡ್ಬಾ. ಎರಡೂ ಕಡೆ ಹೆಂಗೈತೆ ಬಿಸಿ, ಒಂದೇ ಸಮ."

ಅವಳು ಮೆಟ್ಟಿಲ ತನಕ ಹೋದಳು. ಚಪ್ಪಲಿ ಬಿಡಲಿಲ್ಲ. ಹೊರಗಿನಿಂದಲೇ ಕತ್ತು ಚಾಚಿ ನೋಡಿ, "ಚೆನ್ನಾಗೈತೆ ಅಪ್ಪ" ಎಂದಳು. ಅವನು ಇನ್ನೂ ಒಂದು ಸಲ ಕರೆಯಬಹುದಿತ್ತು. ಕರೆಯಲಿಲ್ಲ.

ಬಂದು ನನ್ನ ಪಕ್ಕ ಕುಳಿತಳು. ಹಡಗಿನಲ್ಲಿ ಹೋದವನು ಮಣ್ಣು ತಂದನೇ ಎಂದು ಕೇಳಿದೆ. ತಂದ, ಅದರಲ್ಲಿ ಒಂದು ಪಾಲು ತನಗೂ ಕೊಟ್ಟಿದ್ದಾರೆ, ಡಬ್ಬಿಗಳಲ್ಲಿದೆ ಎಂದಳು. ಅದನ್ನು ಯಾವ ನೀರಿನ ಮೇಲೆ ನಿಂತು ಎತ್ತಿದರು, ಮೇಲೆ ಬಂದಾಗ ಯಾವ ಬಣ್ಣ ಇತ್ತು ಎಂದು ಅವನನ್ನು ಕೇಳಿದಳಂತೆ. ಅವನಿಗೆ ವಾಂತಿ ಆಗುತ್ತಿತ್ತಂತೆ, ಸರಿಯಾಗಿ ನೋಡಲಿಲ್ಲವಂತೆ.

"ಆ ಹಿಮದ ಕಾಲದಾಗೆ ನಿಂತಿತ್ತು ಅಂದ್ಯಲ್ಲ, ಬಿಸಿ ಹೊರೋ ನೀರು. ಅದು ತಿರ್ಗ ಹೊರಡ್ತಾ?" ಎಂದೆ.

"ಹೊರಡ್ತು ಅಜ್ಜಿ."

"ಎಷ್ಟ್ ದಿನಕ್ಕೆ?"

"ದಿನ ಅಲ್ಲ. ನೂರಾರು ವರ್ಷ. ಕೆಲವು ಸಲ ಅದಕ್ಕಿಂತ ಜಾಸ್ತಿ."

"ಅಷ್ಟ್ ಪುರುಸೊತ್ತು ನಂಗಿಲ್ಲ. ಮುಂದ್ಲ ಹಡಗು ಯಾವಾಗ?"

ಅವಳು ನನ್ನ ಕಡೆ ನೋಡಿದಳು. "ಬರೋ ವರ್ಷ ಒಂದೈತೆ. ಸರ್ ಕೇಳಿದ್ರು."

"ಇಲ್ಲಿ ಬಂದು ಯಾರ್ನೂ ಕೇಳ್ಬ್ಯಾಡ. ಹತ್ತಿದ್ಮೇಲೆ ಫೋನ್ ಮಾಡು. ನಂಗ್ ಮಾಡು, ನಾನೇಳ್ತೀನಿ ಇವ್ರಿಗೆ."

"ಸಮುದ್ರದಲ್ಲಿ ಸಿಗ್ನಲ್ ಇರಲ್ಲ ಅಜ್ಜಿ."

"ಒಳ್ಳೇದೇ ಆಯ್ತು" ಎಂದೆ.

ಅವಳು ಹಡಗಿಗೆ ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎನ್ನಲೂ ಇಲ್ಲ. ಅಪ್ಪನ ಮಗಳು. ಒಳಗೆ ಫ್ಯಾನು ಕಟಕಟ ಎನ್ನುತ್ತಿತ್ತು. ಅವಳು ಅದನ್ನೇ ಕೇಳಿಸಿಕೊಳ್ಳುತ್ತಾ ಕುಳಿತಿದ್ದಳು. ಬಸ್ಸಿನ ಹಾರನ್ ಕೇಳಿದ್ದೇ ಬ್ಯಾಗು ಎತ್ತಿಕೊಂಡು, ಈ ಸಲ, ಯಾರಿಗೂ ಹೇಳದೆ ಇಳಿದು ಹೋದಳು.